ದಿನಾ ಇರೋ ಸ್ಟ್ಯಾಂಡಪ್ ಮೀಟಿಂಗ್ 2023ರಲ್ಲೇ ಮುಗಿದಿದೆ ಅನ್ನುತ್ತೆ ನನ್ನ ಏಜೆಂಟ್. ಟೂಲ್ ವಿವರಣೆ ಎಲ್ಲಿ ತಪ್ಪಿದೆ?

ರಾಗಿರೊಟ್ಟಿ:
ಎಲ್ಲರಿಗೂ ನಮಸ್ಕಾರ. ಆಫೀಸಿನ ಒಳಬಳಕೆಗೆ ಒಂದು ಸಣ್ಣ ಏಜೆಂಟ್ (ಎಐ ಮಾಡೆಲ್ ಬಳಸಿ ಕೆಲಸ ಮಾಡಿಕೊಡುವ ಪ್ರೋಗ್ರಾಂ) ಮಾಡುತ್ತಿದ್ದೇನೆ. ಗೂಗಲ್ ಕ್ಯಾಲೆಂಡರ್ ಎಪಿಐ (ಬೇರೆ ಪ್ರೋಗ್ರಾಂಗಳು ಕ್ಯಾಲೆಂಡರ್ ಬಳಸುವ ದಾರಿ) ಮೇಲೆ ಆರು ಟೂಲ್, ಅಂದರೆ ಮಾಡೆಲ್ ಕರೆಯಬಹುದಾದ ಫಂಕ್ಷನ್, ಬರೆದಿದ್ದೇನೆ. ನಾನೇ ಕೈಯಾರೆ ಕರೆದರೆ ಎಲ್ಲ ಸರಿಯಾಗಿ ಬರುತ್ತದೆ. ಮಾಡೆಲ್ ಕರೆದಾಗ ಮಾತ್ರ ಎಡವಟ್ಟು.

"ನಾಳೆ ಏನೇನಿದೆ" ಅಂತ ಕೇಳಿದರೆ, "ಟೀಮ್ ಸ್ಟ್ಯಾಂಡಪ್ 2023ರ ಜೂನ್ 12ಕ್ಕೆ ಮುಗಿದಿದೆ, ನಾಳೆ ಏನೂ ಇಲ್ಲ" ಅನ್ನುತ್ತದೆ. ಸ್ಟ್ಯಾಂಡಪ್ ಈಗಲೂ ದಿನಾ ಇದೆ! ಬೆಳಿಗ್ಗೆ 10ಕ್ಕೆ ಹಾಕು ಅಂದ ಮೀಟಿಂಗ್ ಮಧ್ಯಾಹ್ನ 3:30ಕ್ಕೆ ಹೋಗಿ ಕೂತಿದೆ. ಸಂಕ್ರಾಂತಿಗೆ ನಾನು ಹಾಕಿದ್ದು ಎರಡು ದಿನ ರಜೆ, ಅದು ಮೂರು ದಿನ ಅಂತ ಲೆಕ್ಕ ಹೇಳಿತು.

ಪಟ್ಟಿ ತರುವ ಟೂಲಿಗೆ ನಾನು ಬರೆದ ವಿವರಣೆ ಇಷ್ಟೇ: "ಕ್ಯಾಲೆಂಡರ್ ಈವೆಂಟ್‌ಗಳನ್ನು ತರುತ್ತದೆ. ಸಮಯವನ್ನು ಐಎಸ್‌ಒ ಮಾದರಿಯಲ್ಲಿ ಕೊಡಿ." (ಐಎಸ್‌ಒ ಅಂದರೆ ತಾರೀಖು, ಸಮಯ ಬರೆಯುವ ಅಂತರರಾಷ್ಟ್ರೀಯ ಮಾದರಿ.) ಪ್ರಾಂಪ್ಟಿನಲ್ಲಿ, ಅಂದರೆ ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ, "ಸಮಯದ ಬಗ್ಗೆ ತುಂಬಾ ಎಚ್ಚರವಾಗಿರು" ಅಂತ ಮೂರು ಸಲ ಬರೆದು ನೋಡಿದೆ. ಏನೂ ಬದಲಾಗಲಿಲ್ಲ. ಮಾಡೆಲ್ಲೇ ಬದಲಾಯಿಸಬೇಕಾ?

ಘಟ್ಟದಂಚು:
ಮಾಡೆಲ್ ಹಾಗೇ ಇರಲಿ. ಅದು ಟೂಲಿಗೆ ಏನು ಕಳಿಸಿತು ಅನ್ನೋ ಲಾಗ್ ಇದ್ದರೆ ಹಾಕಿ. ಉತ್ತರ ನೋಡಿಕೊಂಡು ಊಹೆ ಮಾಡಿದರೆ ದಿನವೆಲ್ಲ ಹೋಗುತ್ತದೆ.

ರಾಗಿರೊಟ್ಟಿ:
ಈಗ ತೆಗೆದು ನೋಡಿದೆ ಸರ್. ಮೀಟಿಂಗ್ ಹಾಕುವಾಗ 10:00:00 ಅಂತಲೇ ಕಳಿಸಿದೆ, ಆದರೆ ಕೊನೆಗೆ ಒಂದು ಝಡ್ ಅಕ್ಷರ ಇದೆ. ಪಟ್ಟಿ ತರುವಾಗಲೂ ಹಾಗೇ. ಸಿಂಗಲ್‌ಈವೆಂಟ್ಸ್ ಅನ್ನೋ ಪ್ಯಾರಾಮೀಟರ್ ಅಂತೂ ಕಳಿಸಿಯೇ ಇಲ್ಲ.

ಘಟ್ಟದಂಚು:
ಸಿಕ್ಕಿತಲ್ಲ! ಝಡ್ ಅಂದರೆ ಯುಟಿಸಿ, ಇಡೀ ಜಗತ್ತಿಗೆ ಸಾಮಾನ್ಯವಾದ ಮೂಲ ಸಮಯ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. 10ಕ್ಕೆ ಐದೂವರೆ ಸೇರಿಸಿ, ಮಧ್ಯಾಹ್ನ 3:30. ಯಾವ ಸಮಯವೇ ಆಗಲಿ, ಸರಿಯಾಗಿ ಐದೂವರೆ ಗಂಟೆ ಜರುಗಿದ್ದರೆ ಮೊದಲು ಝಡ್ ಹುಡುಕಿ. ನೀವು ಬರೀ "ಐಎಸ್‌ಒ" ಅಂದಿರಿ, ಝಡ್ ಇದ್ದರೂ ಅದು ಐಎಸ್‌ಒ ಮಾದರಿಯೇ. ಮಾಡೆಲ್ ತಪ್ಪೇನೂ ಮಾಡಿಲ್ಲ ಪಾಪ.

ಸ್ಟ್ಯಾಂಡಪ್ ಕಥೆ ಬೇರೆ. ಮತ್ತೆ ಮತ್ತೆ ಬರುವ ಮೀಟಿಂಗನ್ನು ಈ ಎಪಿಐ ಮೂಲತಃ ಒಂದೇ ಈವೆಂಟ್ ಆಗಿ ಇಟ್ಟಿರುತ್ತದೆ. ಸಿಂಗಲ್‌ಈವೆಂಟ್ಸ್ ಟ್ರೂ ಅಂತ ಹೇಳದಿದ್ದರೆ ಆ ಮೂಲವನ್ನೇ ಕೊಡುತ್ತದೆ, ಅದರಲ್ಲಿ ಇರೋದು ಮೊಟ್ಟಮೊದಲ ದಿನದ ತಾರೀಖು. ನಿಮ್ಮ ಸ್ಟ್ಯಾಂಡಪ್ ಶುರುವಾಗಿದ್ದು 2023ರ ಜೂನ್ 12ಕ್ಕೆ ಅಲ್ವಾ?

ರಜೆಯದ್ದೂ ಇಂಥದ್ದೇ. ಇಡೀ ದಿನದ ಈವೆಂಟಿನಲ್ಲಿ ಕೊನೆಯ ತಾರೀಖು ಲೆಕ್ಕಕ್ಕೆ ಸೇರುವುದಿಲ್ಲ. ಜನವರಿ 14, 15 ರಜೆ ಅಂದರೆ ಎಪಿಐ ಕೊನೆ 16 ಅಂತ ಕೊಡುತ್ತದೆ. ಗೊತ್ತಿಲ್ಲದವರು ಯಾರು ಓದಿದರೂ ಮೂರು ದಿನ ಅಂತಲೇ ಎಣಿಸುತ್ತಾರೆ.

ಇದನ್ನೆಲ್ಲ ವಿವರಣೆಯಲ್ಲಿ ತುಂಬಲು ಹೋಗಬೇಡಿ. ನಾನೂ ಮೊದಲು ಹಾಗೇ ಮಾಡಿದ್ದೆ, ಒಂದೊಂದು ಟೂಲಿಗೆ ಒಂದೊಂದು ಪುಟ. ಮಾಡೆಲ್ ನಿರ್ಧಾರ ಮಾಡಬೇಕಿಲ್ಲದ್ದು ಮಾಡೆಲ್ ಕಣ್ಣಿಗೇ ಬೀಳಬಾರದು. ಸಿಂಗಲ್‌ಈವೆಂಟ್ಸ್ ನಿಮಗೆ ಯಾವಾಗಲೂ ಟ್ರೂ ಬೇಕು ತಾನೆ? ಹಾಗಾದರೆ ಕೋಡಿನಲ್ಲೇ ಹಾಕಿ, ಸ್ಕೀಮಾದಿಂದ (ಮಾಡೆಲ್‌ಗೆ ಕಾಣುವ ಪ್ಯಾರಾಮೀಟರ್ ಪಟ್ಟಿಯಿಂದ) ತೆಗೆದುಬಿಡಿ. 16ನ್ನು 15 ಮಾಡೋದೂ ಕೋಡಿನ ಕೆಲಸ. ಸಮಯಕ್ಕೆ ಝಡ್ ಬಂದರೆ ಟೂಲ್ ಒಪ್ಪಿಕೊಳ್ಳಬಾರದು. ಬರೀ "400" ಅನ್ನೋ ದೋಷಸಂಖ್ಯೆ ತಿರುಗಿಸಬೇಡಿ. "ಕೊನೆಗೆ +05:30 ಇರಲಿ, ಹೀಗೆ: 10:00:00+05:30" ಅಂತ ಬರೆದು ಕಳಿಸಿ. ಅದನ್ನು ಓದಿ ಮಾಡೆಲ್ ಮುಂದಿನ ಸಲ ತಾನೇ ಸರಿ ಮಾಡಿಕೊಳ್ಳುತ್ತದೆ.

ಸಂಪಿಗೆಮರ:
ಇನ್ನೊಂದು ಕೇಳೋಣ ಅಂತ. ಆರು ಟೂಲ್ ಅಂದಿರಿ, ಹೆಸರುಗಳೇನು?

ರಾಗಿರೊಟ್ಟಿ:
ಗೆಟ್ ಈವೆಂಟ್ಸ್, ಸರ್ಚ್ ಈವೆಂಟ್ಸ್, ಚೆಕ್ ಕ್ಯಾಲೆಂಡರ್, ಕ್ರಿಯೇಟ್, ಅಪ್‌ಡೇಟ್, ಡಿಲೀಟ್.

ಸಂಪಿಗೆಮರ:
ಮೊದಲ ಮೂರರಲ್ಲಿ ಯಾವುದು ಯಾವಾಗ ಅಂತ ನನಗೇ ಗೊತ್ತಾಗಲಿಲ್ಲ, ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು? ಗೆಟ್, ಸರ್ಚ್ ಎರಡನ್ನೂ ಸೇರಿಸಿ ಒಂದು ಮಾಡಿ, ಹುಡುಕುವ ಪದ ಬೇಕಿದ್ದರೆ ಕೊಡಲಿ. ಚೆಕ್ ಕ್ಯಾಲೆಂಡರ್ ಒಳಗೆ ಇರೋದು ಫ್ರೀಬ್ಯುಸಿ ತಾನೆ? ಅದು ಯಾವ ಹೊತ್ತು ಬಿಡುವಿಲ್ಲ ಅನ್ನೋದಷ್ಟೇ ಕೊಡುತ್ತದೆ, ಮೀಟಿಂಗಿನ ಹೆಸರು ಕೊಡುವುದಿಲ್ಲ. ವಿವರಣೆಯಲ್ಲಿ ಅದನ್ನೇ ಬರೆಯಿರಿ. ಯಾವಾಗ ಕರೆಯಬಾರದು ಅನ್ನೋದನ್ನೂ ಬರೆಯಿರಿ, ಎಲ್ಲರೂ ಮರೆಯೋದು ಅದನ್ನೇ.

ರಾಗಿರೊಟ್ಟಿ:
ಎರಡು ದಿನ ಕೂತು ಮಾಡಿದೆ. ಈಗ ಟೂಲ್ ಐದು. ಬಿಡುವು ನೋಡುವ ಟೂಲಿನ ವಿವರಣೆ ಈಗ ಹೀಗಿದೆ:

"ಒಬ್ಬರು ಅಥವಾ ಹಲವರು ಯಾವ ಹೊತ್ತಿನಲ್ಲಿ ಬಿಡುವಿಲ್ಲ ಅನ್ನುವುದನ್ನು ಕೊಡುತ್ತದೆ. ಹೊಸ ಮೀಟಿಂಗ್ ಹಾಕುವ ಮೊದಲು ಇದನ್ನು ಕರೆಯಿರಿ. ಮೀಟಿಂಗಿನ ಹೆಸರು, ಯಾರು ಬರುತ್ತಾರೆ ಅನ್ನುವುದು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಈವೆಂಟ್ ಪಟ್ಟಿಯ ಟೂಲ್ ಬಳಸಿ. ಶುರು ಮತ್ತು ಕೊನೆ, ಎರಡೂ ಪೂರ್ತಿ ತಾರೀಖು ಮತ್ತು +05:30 ಜೊತೆಗೆ. 'ನಾಳೆ' ಅನ್ನುವಂಥ ಪದ ಕಳಿಸಬೇಡಿ."

ಸ್ಟ್ಯಾಂಡಪ್ ಬಂತು, ರಜೆ ಎರಡು ದಿನ ಆಯಿತು. ಇವತ್ತಿನ ತಾರೀಖನ್ನು ಪ್ರಾಂಪ್ಟಿನಲ್ಲೇ ಕೊಟ್ಟಿದ್ದೇನೆ, ಅದಿಲ್ಲದೆ "ನಾಳೆ" ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು. ಇಲ್ಲಿ ಕೆಲವರು ಕನ್ನಡದಲ್ಲೇ ಕೇಳುತ್ತಾರೆ. "ನಾಡಿದ್ದು" ಅಂದಾಗ ಒಂದೆರಡು ಸಲ ನಾಳೆಯದ್ದನ್ನೇ ತಂದಿತು. ಪ್ರಾಂಪ್ಟಿನಲ್ಲಿ "ನಾಡಿದ್ದು ಅಂದರೆ ಇವತ್ತಿನಿಂದ ಎರಡನೇ ದಿನ" ಅಂತ ಒಂದು ಸಾಲು ಸೇರಿಸಿದ ಮೇಲೆ ಮತ್ತೆ ತಪ್ಪಿಲ್ಲ.

ಘಟ್ಟದಂಚು:
ಚೆನ್ನಾಗಿದೆ. ಡಿಲೀಟ್ ಟೂಲಿಗೆ ಯಾವ ಐಡಿ ಕೊಡುತ್ತಿದ್ದೀರಿ? ಸಿಂಗಲ್‌ಈವೆಂಟ್ಸ್ ಹಾಕಿದ ಮೇಲೆ ಪ್ರತಿ ದಿನದ ಸ್ಟ್ಯಾಂಡಪ್‌ಗೂ ಅದರದ್ದೇ ಐಡಿ ಬರುತ್ತದೆ. ಜೊತೆಗೆ ರಿಕರಿಂಗ್‌ಈವೆಂಟ್‌ಐಡಿ ಅಂತ ಇನ್ನೊಂದು ಇರುತ್ತದೆ, ಅದು ಇಡೀ ಸರಣಿಯದ್ದು. "ನಾಳೆಯದ್ದೊಂದು ತೆಗಿ" ಅಂದಾಗ ಎರಡನೆಯದನ್ನು ಕಳಿಸಿದರೆ ಎಲ್ಲಾ ಸ್ಟ್ಯಾಂಡಪ್ಪೂ ಹೋಗುತ್ತದೆ.

ರಾಗಿರೊಟ್ಟಿ:
ಅಯ್ಯೋ. ಎರಡನ್ನೂ ಕೊಡುತ್ತಿದ್ದೆ, ಪಕ್ಕಪಕ್ಕದಲ್ಲೇ. ಸರಣಿಯ ಐಡಿಯನ್ನು ಈಗಲೇ ಉತ್ತರದಿಂದ ತೆಗೆದೆ. ನನ್ನ ಟೆಸ್ಟ್ ಕ್ಯಾಲೆಂಡರಿನಲ್ಲಿ ನೋಡಿ ಖಾತ್ರಿಯಾಗುವವರೆಗೆ ಡಿಲೀಟ್ ಟೂಲ್ ಬಂದ್.

ಸಂಪಿಗೆಮರ:
ಇಡೀ ಟೀಮ್ ಒಂದು ವಾರ ಸ್ಟ್ಯಾಂಡಪ್ ಇಲ್ಲದೆ ಖುಷಿಯಾಗಿರೋ ಅವಕಾಶ ತಪ್ಪಿಸಿದಿರಿ ಘಟ್ಟದಂಚು ಅವರೇ 🙂