ಸಹಾಯ ಬೇಕು: ಸುಡೋ (ಅಡ್ಮಿನ್ ಅಧಿಕಾರ) ಹಾಕಿದರೂ ಅಳಿಯದ ಫೈಲ್

ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಮ್ಮ ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಹಳೇ ಉಬುಂಟು (ಲಿನಕ್ಸ್) ಕಂಪ್ಯೂಟರಿನಲ್ಲಿದೆ. ಡಿಸ್ಕ್ ತುಂಬಿತು ಅಂತ ಬ್ಯಾಕಪ್ ಅಳಿಸಲು ಕೂತೆ. ಎರಡು ಫೈಲ್ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಒಂದರ ಹೆಸರು ಅಡ್ಡಗೆರೆಯಿಂದ ಶುರು. ಅಳಿಸುವ ಕಮಾಂಡ್ ಆರ್‌ಎಂ ಅದನ್ನು ಆಪ್ಶನ್ ಅಂದುಕೊಳ್ಳುತ್ತಿತ್ತು. ಹೆಸರಿಗೆ ಮೊದಲು ಚುಕ್ಕಿ, ಸ್ಲ್ಯಾಶ್ ಸೇರಿಸಿದೆ, ಹೋಯಿತು.

ಇನ್ನೊಂದಕ್ಕೆ ಸುಡೋ ಹಾಕಿದರೂ ‘ಆಪರೇಷನ್ ನಾಟ್ ಪರ್ಮಿಟೆಡ್’. ಫೈಲಿನ ಅನುಮತಿ ಬದಲಿಸುವ ಸಿಎಚ್‌ಮಾಡ್‌ಗೂ ಅದೇ ಉತ್ತರ. ಫೈಲಿನ ವಿಶೇಷ ಗುರುತು ತೋರಿಸುವ ಎಲ್‌ಎಸ್‌ಆಟ್ರ್ ಕೊಟ್ಟರೆ ಗೆರೆಗಳ ನಡುವೆ ‘ಐ’ ಕಾಣುತ್ತಿದೆ. ಯಾರೂ ಮುಟ್ಟದಂತೆ ಹಾಕಿದ ಬೀಗ ಅದು, ಆ ಗುರುತು ಬದಲಿಸುವ ಸಿಎಚ್‌ಆಟ್ರ್ ಮೈನಸ್ ಐ ಕೊಟ್ಟರೆ ಬಿಡುತ್ತದೆ, ಅಲ್ವಾ? ಆದರೆ ನಾನಂತೂ ಹಾಕಿಲ್ಲ. ಮೊದಲಿದ್ದ ಲೆಕ್ಕದ ಹುಡುಗ ಬೇಕಂತಲೇ ಹಾಕಿದ್ದನೋ, ವೈರಸ್ ಕೆಲಸವೋ? ಬೀಗ ತೆಗೆಯುವ ಮುಂಚೆ ಏನೇನು ನೋಡಬೇಕು, ಹೇಳಿ. ಮಳೆಗೆ ಇಲ್ಲಿ ಕರೆಂಟ್ ಬಂದು ಹೋಗುತ್ತಿದೆ, ನನ್ನ ಉತ್ತರ ತಡವಾದರೆ ಬೇಜಾರಾಗಬೇಡಿ.