ಆರ್ಕಿಟೆಕ್ಚರ್ ನಿರ್ಧಾರಗಳನ್ನು ಬರೆದಿಡುವುದು, ಚಿತ್ರಗಳು ಅರ್ಥವಾಗುವಂತೆ ಮಾಡುವುದು ಹೇಗೆ? ಅನುಭವ ಇರುವವರು ತಿಳಿಸಿ

ಪ್ರಶ್ನೆ

ಏಳು ಜನರ ಸಾಫ್ಟ್‌ವೇರ್ ತಂಡ, ಒಂಬತ್ತು ಸರ್ವಿಸ್‌ಗಳು (ಒಂದಕ್ಕೊಂದು ಮಾತಾಡುವ ಪ್ರತ್ಯೇಕ ಪ್ರೋಗ್ರಾಂಗಳು). ವಿಕಿಯಲ್ಲಿ ನಲವತ್ತಕ್ಕೂ ಹೆಚ್ಚು ಬಾಕ್ಸ್‌ಗಳಿರುವ ಒಂದೇ ಚಿತ್ರ ಇದೆ, ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಹೊಸಬರು "ಇದನ್ನ ಯಾಕೆ ಹೀಗೆ ಮಾಡಿದ್ದೀರಿ" ಅಂತ ಕೇಳಿದರೆ ಹಳೇ ಚಾಟ್ ಕೆದಕಬೇಕು. ನಿರ್ಧಾರಗಳನ್ನು ಬರೆದಿಡುವವರು ಏನು ಬರೆಯುತ್ತೀರಿ, ಎಷ್ಟು ಬರೆಯುತ್ತೀರಿ, ಎಲ್ಲಿ ಇಡುತ್ತೀರಿ? ಚಿತ್ರವನ್ನು ಎಲ್ಲಿಂದ ಸರಿಮಾಡಲು ಶುರುಮಾಡಬೇಕು?

ಉತ್ತರ 1

ನಿರ್ಧಾರಗಳ ಬಗ್ಗೆ ಹೇಳುತ್ತೇನೆ, ಚಿತ್ರದ ಬಗ್ಗೆ ಬೇರೆಯವರು ಹೇಳಲಿ.

ನಿಮಗೆ ಬೇಕಾಗಿರುವುದು ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಚಿಕ್ಕದಾಗಿ ಎಡಿಆರ್: ಏನು ನಿರ್ಧರಿಸಿದೆವು, ಯಾಕೆ ಎಂದು ಬರೆದಿಡುವ ದಾಖಲೆ. 2011ರಲ್ಲಿ ಮೈಕೆಲ್ ನೈಗಾರ್ಡ್ ಸೂಚಿಸಿದ ಐದು ಭಾಗಗಳು ಈಗಲೂ ಸಾಕು: ಶೀರ್ಷಿಕೆ, ಸ್ಥಿತಿ, ಸಂದರ್ಭ, ನಿರ್ಧಾರ, ಪರಿಣಾಮ. ಒಂದು ನಿರ್ಧಾರಕ್ಕೆ ಒಂದು ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲ್, ಎರಡು ಪುಟ ಮೀರಬಾರದು. ವಿಕಿಯಲ್ಲಿ ಬೇಡ, ಕೋಡ್ ಇರುವ ರೆಪೊದಲ್ಲೇ ಇಡಿ. ಕೋಡ್ ಬದಲಾಗುವ ಪುಲ್ ರಿಕ್ವೆಸ್ಟ್‌ನಲ್ಲೇ (ಬದಲಾವಣೆಯನ್ನು ನೋಡಿ ಸೇರಿಸಿ ಎಂಬ ಕೋರಿಕೆ) ಎಡಿಆರ್ ಕೂಡ ಬಂದರೆ ರಿವ್ಯೂ ಮಾಡುವವರ ಕಣ್ಣಿಗೆ ತಾನಾಗಿಯೇ ಬೀಳುತ್ತದೆ.

ಹೀಗಿರಲಿ (ಕ್ಯೂ ಎಂದರೆ ಮೆಸೇಜ್‌ಗಳು ಸಾಲಾಗಿ ಕಾಯುವ ಜಾಗ, ವರ್ಕರ್ ಎಂದರೆ ಅವನ್ನು ಎತ್ತಿಕೊಂಡು ಕೆಲಸ ಮುಗಿಸುವ ಪ್ರೋಗ್ರಾಂ):

*0014: ಆರ್ಡರ್ ಇಮೇಲ್‌ಗಳನ್ನು ಕ್ಯೂ ಮೂಲಕ ಕಳಿಸುವುದು*
*ಸ್ಥಿತಿ:* ಒಪ್ಪಿಗೆಯಾಗಿದೆ
*ಸಂದರ್ಭ:* ಚೆಕ್‌ಔಟ್ ರಿಕ್ವೆಸ್ಟ್ ನಡೆಯುತ್ತಿರುವಾಗಲೇ ಇಮೇಲ್ ಸರ್ವರ್‌ಗೆ ಕರೆ ಹೋಗುತ್ತದೆ. ಅದು ನಿಧಾನವಾದರೆ ಚೆಕ್‌ಔಟ್ ಕೂಡ ಟೈಮ್‌ಔಟ್ ಆಗುತ್ತದೆ.
*ನಿರ್ಧಾರ:* ಆರ್ಡರ್ ಸರ್ವಿಸ್ ಕ್ಯೂಗೆ ಮೆಸೇಜ್ ಹಾಕಿ ಗ್ರಾಹಕರಿಗೆ ಉತ್ತರ ಕೊಡುತ್ತದೆ. ಇಮೇಲ್ ಕಳಿಸುವುದು ಪ್ರತ್ಯೇಕ ವರ್ಕರ್‌ನ ಕೆಲಸ.
*ಪರಿಣಾಮ:* ಇಮೇಲ್ ಸರ್ವರ್ ಬಿದ್ದರೂ ಚೆಕ್‌ಔಟ್ ನಿಲ್ಲುವುದಿಲ್ಲ. ಆದರೆ ಕ್ಯೂ ಒಂದೇ ಮೆಸೇಜನ್ನು ಎರಡು ಸಲ ಕೊಡಬಹುದು; ಆದ್ದರಿಂದ ವರ್ಕರ್ ಆರ್ಡರ್ ಐಡಿ ನೋಡಿ, ಈಗಾಗಲೇ ಕಳಿಸಿದ್ದನ್ನು ಬಿಡಬೇಕು. ಪದೇಪದೇ ಸೋತ ಮೆಸೇಜ್‌ಗಳು ಡೆಡ್ ಲೆಟರ್ ಕ್ಯೂಗೆ (ಸೋತವನ್ನು ಪಕ್ಕಕ್ಕಿಡುವ ಕ್ಯೂ) ಹೋಗುತ್ತವೆ. ಅಲ್ಲಿಗೆ ಅಲರ್ಟ್ ಬೇಕು.

ಹೆಚ್ಚಿನವರು ಎಡವುವುದು ಕೊನೆಯ ಭಾಗದಲ್ಲಿ. ಪರಿಣಾಮದಲ್ಲಿ ಬರೀ ಲಾಭಗಳಿದ್ದರೆ ಆ ಎಡಿಆರ್ ಅರ್ಧ ಬರೆದದ್ದು ಅಂತಲೇ ತಿಳಿಯಿರಿ. ಎರಡು ವರ್ಷ ಬಿಟ್ಟು ಓದುವವರಿಗೆ ಬೇಕಾಗುವುದೇ ಆವತ್ತು ಗೊತ್ತಿದ್ದೂ ಒಪ್ಪಿಕೊಂಡ ತೊಂದರೆಗಳು. ಅದು ಇಲ್ಲದಿದ್ದರೆ "ಇವರಿಗೆ ಇದು ಹೊಳೆದೇ ಇರಲಿಲ್ಲ" ಅಂದುಕೊಂಡು ಎಲ್ಲವನ್ನೂ ಮತ್ತೆ ಬಿಚ್ಚುತ್ತಾರೆ.

ಬಿಟ್ಟ ಆಯ್ಕೆಗಳಿಗೂ ಒಂದೊಂದು ಸಾಲು ಕೊಡಿ. "ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೇ ಒಂದು ಟೇಬಲ್ ಇಟ್ಟು ಅದನ್ನೇ ಕ್ಯೂ ಮಾಡಬಹುದಿತ್ತು; ಇನ್ನೆರಡು ಸರ್ವಿಸ್‌ಗಳಿಗೂ ಕ್ಯೂ ಬೇಕಿರುವುದರಿಂದ ಬಿಟ್ಟೆವು" ಎಂಬಷ್ಟು ನಿರ್ದಿಷ್ಟವಾಗಿರಲಿ. "ಸ್ಕೇಲ್ ಆಗಲ್ಲ" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ.

ಉತ್ತರ 2

ಮೇಲಿನ ಮಾದರಿ ಚೆನ್ನಾಗಿದೆ, ಆದರೆ ಪರಿಣಾಮದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಡೇಟಾಬೇಸ್‌ನಲ್ಲಿ ಆರ್ಡರ್ ಕಮಿಟ್ ಆಗಿ (ಖಾಯಂ ಉಳಿದು), ಕ್ಯೂಗೆ ಮೆಸೇಜ್ ಹಾಕುವ ಮುಂಚೆ ಪ್ರೋಸೆಸ್ ಸತ್ತರೆ? ಆರ್ಡರ್ ಇರುತ್ತದೆ, ಇಮೇಲ್ ಎಂದಿಗೂ ಹೋಗುವುದಿಲ್ಲ. ಒಂದೋ ಆರ್ಡರ್ ಉಳಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗುವ, ಇಲ್ಲವೇ ಏನೂ ಆಗದ ಬರಹ) ಔಟ್‌ಬಾಕ್ಸ್ ಟೇಬಲ್‌ಗೆ, ಅಂದರೆ ಕಳಿಸಬೇಕಾದ ಮೆಸೇಜ್‌ಗಳ ಪಟ್ಟಿಗೆ ಬರೆದು, ಅಲ್ಲಿಂದ ಕ್ಯೂಗೆ ಸಾಗಿಸಬೇಕು. ಇಲ್ಲವೇ "ಅಪರೂಪಕ್ಕೆ ಇಮೇಲ್ ತಪ್ಪಬಹುದು, ಒಪ್ಪಿದ್ದೇವೆ" ಅಂತ ಬರೆಯಬೇಕು. ಎರಡೂ ಸರಿಯೇ, ಬರೆಯದೆ ಬಿಡುವುದು ಮಾತ್ರ ಸರಿಯಲ್ಲ. ಎಡಿಆರ್ ರಿವ್ಯೂ ಮಾಡುವಾಗ ಇಂಥ ಪ್ರಶ್ನೆಗಳನ್ನೇ ಕೇಳಬೇಕು, ವಾಕ್ಯ ತಿದ್ದುತ್ತಾ ಕೂರಬಾರದು.

ಒಪ್ಪಿಗೆಯಾದ ಎಡಿಆರ್‌ನ ಒಳಗನ್ನು ತಿದ್ದಬೇಡಿ. ನಿರ್ಧಾರ ಬದಲಾದರೆ ಹೊಸ ಫೈಲ್ ಬರೆದು, ಹಳೆಯದರ ಸ್ಥಿತಿಯ ಸಾಲನ್ನು ಮಾತ್ರ "0031 ಇದರ ಬದಲಿಗೆ ಬಂದಿದೆ" ಎಂದು ಮಾಡಿ. ತಿರಸ್ಕರಿಸಿದವನ್ನೂ ಅಳಿಸಬೇಡಿ, ಆರು ತಿಂಗಳಿಗೊಮ್ಮೆ ಅದೇ ಸಲಹೆ ಮತ್ತೆ ಬರುತ್ತದೆ. ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲು) 0015 ಅಂತ ಹಾಕಿಕೊಂಡರೆ ನಂಬರ್ ಡಿಕ್ಕಿಯಾಗುತ್ತದೆ. ಮರ್ಜ್ ಮಾಡುವಾಗಲೇ (ಮುಖ್ಯ ಕೋಡ್‌ಗೆ ಸೇರಿಸುವಾಗ) ನಂಬರ್ ಕೊಟ್ಟರೆ ಆ ತಾಪತ್ರಯ ಇಲ್ಲ.

ಪ್ರತಿಯೊಂದಕ್ಕೂ ಬರೆಯಲು ಹೋದರೆ ಎರಡೇ ತಿಂಗಳಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ. ವಾಪಸ್ ಪಡೆಯಲು ಕಷ್ಟವಾದವು, ಒಂದಕ್ಕಿಂತ ಹೆಚ್ಚು ಸರ್ವಿಸ್ ಮುಟ್ಟುವವು ಸಾಕು: ಡೇಟಾಬೇಸ್ ಆಯ್ಕೆ, ಸರ್ವಿಸ್‌ಗಳ ಗಡಿ, ಲಾಗಿನ್ ವಿಧಾನ, ಎಪಿಐ (ಸರ್ವಿಸ್‌ಗಳು ಒಂದನ್ನೊಂದು ಕರೆಯುವ ವಿಧಾನ) ಬದಲಾವಣೆಯ ನಿಯಮ.

ಉತ್ತರ 3

ಇನ್ನು ಚಿತ್ರ. ನಲವತ್ತು ಬಾಕ್ಸ್‌ಗಳ ಚಿತ್ರವನ್ನು ತಿದ್ದಲು ಹೋಗಬೇಡಿ, ಒಡೆಯಿರಿ. ಸಾಫ್ಟ್‌ವೇರ್ ರಚನೆಯನ್ನು ಹಂತಹಂತವಾಗಿ ಚಿತ್ರಿಸುವ ಸೈಮನ್ ಬ್ರೌನ್ ಅವರ ಸಿ4 ಮಾದರಿಯಲ್ಲಿ ನಾಲ್ಕು ಹಂತಗಳಿವೆ: ಕಾಂಟೆಕ್ಸ್ಟ್, ಕಂಟೇನರ್, ಕಾಂಪೊನೆಂಟ್, ಕೋಡ್. ನಿಮಗೆ ಮೊದಲ ಎರಡು ಸಾಕು. ಮೊದಲನೆಯದರಲ್ಲಿ ನಿಮ್ಮ ಇಡೀ ಸಿಸ್ಟಂ ಒಂದೇ ಬಾಕ್ಸ್. ಸುತ್ತ ಬಳಸುವವರು ಮತ್ತು ಹೊರಗಿನ ಸಿಸ್ಟಂಗಳು. ಎರಡನೆಯದರಲ್ಲಿ ಆ ಬಾಕ್ಸ್ ತೆರೆದು ಒಂಬತ್ತು ಸರ್ವಿಸ್‌ಗಳು, ಡೇಟಾಬೇಸ್‌ಗಳು, ಕ್ಯೂಗಳು. ಇಲ್ಲಿ ಕಂಟೇನರ್ ಎಂದರೆ ಡಾಕರ್ ಕಂಟೇನರ್ (ಪ್ರೋಗ್ರಾಂ ಓಡಿಸಲು ಕಟ್ಟಿಡುವ ಪೊಟ್ಟಣ) ಅಲ್ಲ, ಪ್ರತ್ಯೇಕವಾಗಿ ಓಡುವ ಅಪ್ಲಿಕೇಶನ್ ಅಥವಾ ಡೇಟಾ ಇರುವ ಜಾಗ. ಈ ಗೊಂದಲ ಪ್ರತಿ ತಂಡದಲ್ಲೂ ಆಗುತ್ತದೆ, ಮೊದಲ ದಿನವೇ ಹೇಳಿಬಿಡಿ.

ಅರ್ಥವಾಗದ ಚಿತ್ರಗಳಲ್ಲಿ ಬಹುಪಾಲು ದೋಷ ಬಾಣದ್ದು, ಬಾಕ್ಸ್‌ನದ್ದಲ್ಲ. ಆರ್ಡರ್‌ನಿಂದ ಇನ್ವೆಂಟರಿಗೆ ಒಂದು ಬಾಣ, ಮೇಲೆ "ಬಳಸುತ್ತದೆ" ಎಂಬ ಒಂದೇ ಪದ. ಇದರ ಬದಲು "ಸ್ಟಾಕ್ ಕಾಯ್ದಿರಿಸುತ್ತದೆ, ಎಚ್‌ಟಿಟಿಪಿ, ಉತ್ತರಕ್ಕೆ ಕಾಯುತ್ತದೆ" ಅಂತ ಬರೆದರೆ ಇನ್ವೆಂಟರಿ ಬಿದ್ದರೆ ಆರ್ಡರ್ ಕೂಡ ನಿಲ್ಲುತ್ತದೆ ಎಂಬುದು ಓದಿದ ತಕ್ಷಣ ಹೊಳೆಯುತ್ತದೆ. ಬಾಣದ ದಿಕ್ಕು ಡೇಟಾ ಹರಿಯುವ ಕಡೆಗೋ, ಕರೆ ಶುರುಮಾಡಿದವರಿಂದ ಹೊರಟದ್ದೋ? ಒಂದನ್ನು ಆರಿಸಿ, ಮೂಲೆಯ ಸಂಕೇತಸೂಚಿಯಲ್ಲಿ ಬರೆಯಿರಿ. ಎರಡನ್ನೂ ಬೆರೆಸಿದ ಚಿತ್ರ ಇಲ್ಲದಿರುವುದೇ ಮೇಲು. ಎರಡು ತಲೆಯ ಬಾಣ ಕಂಡರೆ ಅಲ್ಲಿ ಎರಡು ಬೇರೆ ಸಂಬಂಧಗಳು ಅಡಗಿವೆ. ಬಿಡಿಸಿ ಎರಡು ಗೆರೆ ಎಳೆಯಿರಿ.

ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಕಾಫ್ಕಾವನ್ನು ಮಧ್ಯದಲ್ಲಿ ಒಂದು ದೊಡ್ಡ ಬಾಕ್ಸ್ ಮಾಡಿ ಎಲ್ಲರನ್ನೂ ಅದಕ್ಕೆ ಜೋಡಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ, ಯಾರ ಮೆಸೇಜನ್ನು ಯಾರು ಓದುತ್ತಾರೆ ಎಂಬುದೇ ಕಾಣೆಯಾಗುತ್ತದೆ. ಟಾಪಿಕ್‌ಗಳನ್ನು (ಕಾಫ್ಕಾದೊಳಗಿನ ವಿಷಯವಾರು ಮೆಸೇಜ್ ಸಾಲುಗಳು) ಬೇರೆ ಬೇರೆ ಬಾಕ್ಸ್ ಮಾಡಿ ತೋರಿಸಿ.

ಬಣ್ಣವೊಂದರಿಂದಲೇ ಅರ್ಥ ಹೇಳಬೇಡಿ. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಆಗಲೂ ತಿಳಿದರೆ ಕೆಂಪು ಹಸಿರು ಬೇರೆಮಾಡಿ ಕಾಣದವರಿಗೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಇನ್ನೆರಡು: ಚಿತ್ರಕ್ಕೆ ಯಾವ ಟೂಲ್? ಹಳೆಯ ನಿರ್ಧಾರಗಳಿಗೂ ಈಗ ಎಡಿಆರ್ ಬರೆಯಬೇಕಾ?

ಉತ್ತರ 3

ರೆಪೊದಲ್ಲಿ ಪಠ್ಯವಾಗಿ ಇಡಲು ಮರ್ಮೇಡ್ (ಪಠ್ಯದಿಂದ ಚಿತ್ರ ಮಾಡುವ ಟೂಲ್) ಸುಲಭ; 2022ರಿಂದ ಕೋಡ್ ಇಡುವ ತಾಣ ಗಿಟ್‌ಹಬ್ ಅದನ್ನು ಮಾರ್ಕ್‌ಡೌನ್‌ನಲ್ಲೇ ಚಿತ್ರವಾಗಿ ತೋರಿಸುತ್ತದೆ. ಬಾಕ್ಸ್‌ಗಳನ್ನು ಮರ್ಮೇಡ್ ತಾನೇ ಜೋಡಿಸುವುದರಿಂದ, ಇಪ್ಪತ್ತರ ಹತ್ತಿರ ಬಂದಾಗ ಗೆರೆಗಳು ಸಿಕ್ಕುಸಿಕ್ಕಾಗುತ್ತವೆ. ಒಂದೇ ಮಾಡೆಲ್‌ನಿಂದ ಎರಡೂ ಹಂತದ ಚಿತ್ರ ಬೇಕಾದರೆ ಸ್ಟ್ರಕ್ಚರೈಜರ್ ನೋಡಿ, ಸರ್ವಿಸ್‌ನ ಹೆಸರನ್ನು ಒಂದು ಕಡೆ ಬದಲಿಸಿದರೆ ಎಲ್ಲ ಚಿತ್ರಗಳಲ್ಲೂ ಬದಲಾಗುತ್ತದೆ. ಕೈಯಲ್ಲೇ ಜೋಡಿಸುವುದಾದರೆ ಡ್ರಾ.ಐಒ ಸರಿ, ಆದರೆ ಎಕ್ಸ್‌ಪೋರ್ಟ್ ಮಾಡುವಾಗ ಡಯಾಗ್ರಾಂನ ಪ್ರತಿಯನ್ನು ಫೈಲ್ ಒಳಗೇ ಸೇರಿಸುವ ಆಯ್ಕೆ ಒತ್ತಿ. ಬರೀ ಪಿಎನ್‌ಜಿ ಉಳಿದರೆ ಮುಂದೆ ಯಾರೂ ತಿದ್ದಲಾರರು.

ಉತ್ತರ 1

ಹಳೆಯವನ್ನೆಲ್ಲ ಬರೆಯಬೇಡಿ. ಹೊಸಬರು ಪದೇಪದೇ ಕೇಳುವ ಐದಾರನ್ನು ಮಾತ್ರ ಬರೆಯಿರಿ, ಬರೆದ ದಿನಾಂಕ ಈಗಿನದೇ ಇರಲಿ, "ನಿರ್ಧಾರ ಮೊದಲೇ ಆಗಿತ್ತು, ದಾಖಲೆ ಈಗ" ಎಂದು ಮೇಲೆ ಹಾಕಿ. ಕಾರಣ ಯಾರಿಗೂ ನೆನಪಿಲ್ಲದಿದ್ದರೆ "ಕಾರಣ ತಿಳಿದುಬಂದಿಲ್ಲ" ಎಂದೇ ಬರೆಯಿರಿ. ಊಹಿಸಿ ಬರೆದ ಕಾರಣವನ್ನು ಮುಂದಿನವರು ನಿಜವೆಂದು ನಂಬಿ ಅದರ ಮೇಲೆ ಕಟ್ಟುತ್ತಾರೆ. ತಿಳಿದಿಲ್ಲ ಎಂದಿದ್ದರೆ ಅದನ್ನು ಬದಲಿಸಲು ಹಿಂಜರಿಯುವುದಿಲ್ಲ.