ಅಪ್‌ಡೇಟ್: ಕಾರಿಲ್ಲದೆ ಎಡಿನ್‌ಬರೊದಿಂದ ಮೆಲ್ರೋಸ್‌ಗೆ

ವಯಸ್ಸಾದ ತಂದೆತಾಯಿಯರೊಂದಿಗೆ, ಕಾರಿಲ್ಲದೆ, ಒಂದೇ ದಿನದಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಪಟ್ಟಣವನ್ನು ನೋಡಿ ಬರುವುದು ಹೇಗೆಂದು ಕೇಳಿದ್ದೆ. ಹೋಗಿ ಬಂದೆವು, ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಫಲಿಸಿದ್ದು ರೈಲಿನ ಸಲಹೆ. 1969ರಲ್ಲಿ ಮುಚ್ಚಿಹೋಗಿ 2015ರಲ್ಲಿ ಮತ್ತೆ ತೆರೆದ ಬಾರ್ಡರ್ಸ್ ರೈಲುಮಾರ್ಗದಲ್ಲಿ ಎಡಿನ್‌ಬರೊದ ವೇವರ್ಲಿ ನಿಲ್ದಾಣದಿಂದ ಟ್ವೀಡ್‌ಬ್ಯಾಂಕ್‌ಗೆ ಸುಮಾರು ಒಂದು ಗಂಟೆ. ಅಲ್ಲಿಂದ ಬಸ್ಸಿನಲ್ಲಿ ಮೆಲ್ರೋಸ್ ಕೆಲವೇ ನಿಮಿಷಗಳ ದಾರಿ. ಟ್ವೀಡ್ ನದಿಯ ದಂಡೆಯ ಕಾಲುದಾರಿಯನ್ನು ಸೂಚಿಸಿದವರ ಮಾತು ನಿಜವಾದರೂ, ಮಂಡಿನೋವಿರುವ ಅಮ್ಮನಿಗೆ ಅದು ಹೊಂದಲಿಲ್ಲ. ಕಾದಂಬರಿಕಾರ ವಾಲ್ಟರ್ ಸ್ಕಾಟ್‌ರ ಮನೆಯಾದ ಅಬಾಟ್ಸ್‌ಫರ್ಡ್ ಹಾಗೂ ಐಲ್ಡನ್ ಬೆಟ್ಟಗಳೆರಡನ್ನೂ ಅದೇ ದಿನ ಮುಗಿಸುವ ಸಲಹೆಯನ್ನೂ ಕೈಬಿಟ್ಟೆವು.

ಹಾಗೆ ಉಳಿದ ಸಮಯವೆಲ್ಲ ಮೆಲ್ರೋಸ್ ಅಬ್ಬೆ ಎಂಬ ಹಳೆಯ ಕ್ರೈಸ್ತ ಮಠಕ್ಕೇ ಸಂದಿತು, ಅದು ಸಾರ್ಥಕವಾಯಿತು. ಸ್ಕಾಟ್ಲೆಂಡಿನ ಒಂದನೇ ಡೇವಿಡ್ ದೊರೆ 1136ರಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳಿಗಾಗಿ ಸ್ಥಾಪಿಸಿದ ಈ ಮಠದ ಕೆಂಬಣ್ಣದ ಕಲ್ಲಿನ ಅವಶೇಷಗಳ ನಡುವೆ, ಬ್ಯಾಗ್‌ಪೈಪ್ ಊದುವ ಹಂದಿಯ ಶಿಲ್ಪವೊಂದು ಛಾವಣಿಯಂಚಿನಲ್ಲಿದೆ, ತಲೆಯೆತ್ತಿ ಹುಡುಕಬೇಕು. 1329ರಲ್ಲಿ ತೀರಿಕೊಂಡ ದೊರೆ ರಾಬರ್ಟ್ ಬ್ರೂಸ್‌ನ ದೇಹ ಡನ್‌ಫರ್ಮ್‌ಲಿನ್‌ನಲ್ಲಿದ್ದರೆ, ಅವನ ಹೃದಯವನ್ನು ಇಲ್ಲಿ ಹೂಳಲಾಯಿತೆಂದು ಪ್ರತೀತಿ. 1996ರ ಉತ್ಖನನದಲ್ಲಿ ಸಿಕ್ಕ, ಆ ಹೃದಯವಿದೆಯೆನ್ನಲಾದ ಸೀಸದ ಕರಂಡಕವನ್ನು ತೆರೆಯದೆಯೇ 1998ರಲ್ಲಿ ಮರಳಿ ಮಣ್ಣಿಗೊಪ್ಪಿಸಿದ್ದಾರೆ. ಆ ಗೌರವ ನನ್ನ ಮನಮುಟ್ಟಿತು.

ಅಪ್ಪನನ್ನು ಹೆಚ್ಚು ಬೆರಗುಗೊಳಿಸಿದ್ದು ಬೇರೆಯೇ ಸಂಗತಿ: ಇಂದು ಒಲಿಂಪಿಕ್ಸ್‌ನಲ್ಲಿರುವ ಏಳು ಆಟಗಾರರ ರಗ್ಬಿ ಹುಟ್ಟಿದ್ದು 1883ರಲ್ಲಿ, ಇದೇ ಊರಿನಲ್ಲಿ. ಹೊರಡುವ ಮುನ್ನ ಮಠದ ಯಾವ ಭಾಗಗಳು ತೆರೆದಿವೆಯೆಂದು ವಿಚಾರಿಸಿಕೊಳ್ಳಿ. ಕಲ್ಲುಗಳ ತಪಾಸಣೆಗಾಗಿ ಕೆಲವೊಮ್ಮೆ ಪ್ರವೇಶವನ್ನು ನಿರ್ಬಂಧಿಸುತ್ತಾರೆ.